ಡಾಕ್ಟ್ರೇ, ನನ್ನ ಹಾರ್ಟಿನ ಕರೆಂಟ್ ಕಮ್ಮಿಯಂತೆ!

ಹೋದ ಸಂಚಿಕೆಯಲ್ಲಿ ಇಸಿಜಿ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಪ್ಪಾಯಿತು ನೋಡಿ. ಕಾಗದಗಳ ರಾಶಿ ಬಿದ್ದಿದೆ. ಕೆಲವರಂತೂ ಇಸಿಜಿ ಹಾಳೆಯ ಫೋಟೊ ಕಳಿಸಿ ‘ಓದಿ ಹೇಳಿಬಿಡಿ’ ಎಂದಿದ್ದಾರೆ. ಬರೀ ಹಾಳೆ ನೋಡಿ ಹೇಳಲು ಆಗುವುದಿಲ್ಲ. ಯಾಕೆ ಅನ್ನುವುದು ಕೆಳಗಿನ ಉತ್ತರಗಳಲ್ಲಿ ಸಿಗುತ್ತದೆ. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ದಪ್ಪಗಿರುವವರದ್ದು, ಇಲ್ಲವೇ ತೀರಾ ಸಣ್ಣಗಿರುವವರದ್ದು. ಈ ಸಲ ಅವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನಗೆ 52 ವರ್ಷ, ಬಟ್ಟೆ ಅಂಗಡಿ ಇದೆ. ತೂಕ 104 ಕೆ.ಜಿ. ವಿಮೆ ಪಾಲಿಸಿಗೆ ಅಂತ ಇಸಿಜಿ ಮಾಡಿಸಿದೆ. ಹಾಳೆಯ ಮೇಲೆ ‘ಲೋ ವೋಲ್ಟೇಜ್’ ಅಂತ ಬಂದಿದೆ. ತೆಗೆದ ಹುಡುಗ ‘ಅಂಕಲ್, ನಿಮ್ಮ ಹಾರ್ಟಿನ ಕರೆಂಟ್ ಕಮ್ಮಿ ಇದೆ’ ಅಂದುಬಿಟ್ಟ. ಮನೆಯವಳು ಅವತ್ತಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಬ್ಯಾಟರಿ ಡೌನ್ ಆಗಿದೆಯಾ ಡಾಕ್ಟ್ರೇ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಮೊದಲು ಮನೆಯವರಿಗೆ ನೆಮ್ಮದಿಯಾಗಿ ಮಲಗಲು ಹೇಳಿ. ಆ ಹುಡುಗ ಓದಿದ್ದು ಸರಿ, ಅರ್ಥ ಹೇಳಿದ್ದು ತಪ್ಪು.

ಇಸಿಜಿ ಯಂತ್ರ ಹೃದಯವನ್ನು ಮುಟ್ಟುವುದೇ ಇಲ್ಲ. ಅದು ಮುಟ್ಟುವುದು ನಿಮ್ಮ ಚರ್ಮವನ್ನು. ಹೃದಯದ ಒಂದೊಂದು ಜೀವಕೋಶದಲ್ಲೂ ಪ್ರತಿ ಬಡಿತಕ್ಕೆ ಸುಮಾರು 100 ಮಿಲಿವೋಲ್ಟಿನಷ್ಟು ಏರಿಳಿತ ಆಗುತ್ತದೆ. ಅದು ರಕ್ತ, ಸ್ನಾಯು, ಶ್ವಾಸಕೋಶ, ಪಕ್ಕೆಲುಬು, ಕೊಬ್ಬು ಎಲ್ಲವನ್ನೂ ದಾಟಿ ಚರ್ಮಕ್ಕೆ ಬರುವಷ್ಟರಲ್ಲಿ ಉಳಿಯುವುದು ಹೆಚ್ಚುಕಡಿಮೆ 1 ಮಿಲಿವೋಲ್ಟ್. ಟಾರ್ಚಿಗೆ ಹಾಕುವ ಒಂದು ಸೆಲ್ಲಿನ ಸಾವಿರದೈನೂರರಲ್ಲಿ ಒಂದು ಪಾಲು! ಯಂತ್ರ ಈ ಚೂರನ್ನು ಹಿಡಿದು, 1 ಮಿಲಿವೋಲ್ಟಿಗೆ 10 ಮಿಲಿಮೀಟರ್ ಲೆಕ್ಕದಲ್ಲಿ ಹಾಳೆಯ ಮೇಲೆ ಗೆರೆ ಎಳೆಯುತ್ತದೆ. ಪ್ರತಿ ಬಡಿತಕ್ಕೂ ಗೆರೆಯಲ್ಲಿ ಏಳುವ ದೊಡ್ಡ ಮೊನೆ ಕೈಕಾಲಿನ ಲೀಡುಗಳಲ್ಲಿ (ಲೀಡು ಅಂದರೆ ಹೃದಯವನ್ನು ಒಂದೊಂದು ಕೋನದಿಂದ ನೋಡಿ ಎಳೆದ ಗೆರೆ) 5 ಮಿ.ಮೀ., ಎದೆಯ ಲೀಡುಗಳಲ್ಲಿ 10 ಮಿ.ಮೀ. ಮುಟ್ಟದಿದ್ದರೆ ‘ಲೋ ವೋಲ್ಟೇಜ್’ ಅಂತ ಅಚ್ಚು ಹಾಕುತ್ತದೆ. ಅಷ್ಟೇ ಅದರ ಬುದ್ಧಿ. ನೀವು 104 ಕೆ.ಜಿ. ಇದ್ದೀರಿ ಅಂತ ಅದಕ್ಕೆ ಯಾರೂ ಹೇಳಿಲ್ಲ.

ಊರ ಹಬ್ಬದಲ್ಲಿ ಡೊಳ್ಳು ಬಾರಿಸುತ್ತಿದ್ದಾರೆ ಅಂದುಕೊಳ್ಳಿ. ಗುಡಿ ಮುಂದೆ ನಿಂತರೆ ಎದೆ ನಡುಗುತ್ತದೆ, ಊರಾಚೆ ಹೊಲದಲ್ಲಿ ನಿಂತರೆ ಮೆಲ್ಲಗೆ ಕೇಳುತ್ತದೆ. ಬಾರಿಸುವವನ ಕೈಗೆ ಸುಸ್ತಾಯಿತು ಅಂತ ಯಾರಾದರೂ ಹೇಳುತ್ತಾರಾ? ನಿಮ್ಮ ವಿಷಯದಲ್ಲೂ ಅಷ್ಟೇ. ಎದೆಯ ಮೇಲೆ ಕೊಬ್ಬು ಹೆಚ್ಚಿದ್ದರೆ ಹೃದಯಕ್ಕೂ ಚರ್ಮಕ್ಕೂ ದೂರ ಹೆಚ್ಚು, ದೂರ ಹೆಚ್ಚಿದಂತೆ ಸಂಕೇತ ಬೇಗ ಬೇಗ ಕುಗ್ಗುತ್ತದೆ. ಜೊತೆಗೆ ಕೊಬ್ಬು ವಿದ್ಯುತ್ತನ್ನು ಚೆನ್ನಾಗಿ ಹರಿಯಲು ಬಿಡುವುದಿಲ್ಲ. ರಕ್ತ ತುಂಬ ಚೆನ್ನಾಗಿ ಬಿಡುತ್ತದೆ, ಸ್ನಾಯು ಪರವಾಗಿಲ್ಲ, ಕೊಬ್ಬು ಮತ್ತು ಗಾಳಿ ತುಂಬಿದ ಶ್ವಾಸಕೋಶ ಎರಡೂ ಜಿಪುಣರು. ಇನ್ನೊಂದು ಮಾತು, ಹೊಲದಲ್ಲಿ ನಿಂತರೂ ಡೊಳ್ಳಿನ ತಾಳ ಬದಲಾಗುವುದಿಲ್ಲ ಅಲ್ವಾ? ಹಾಗೇ ಇಸಿಜಿಯಲ್ಲೂ ಗೆರೆಯ ಎತ್ತರವನ್ನು ಮೈಕಟ್ಟು ಕೆಡಿಸುವಷ್ಟು ಬಡಿತದ ಲೆಕ್ಕವನ್ನು, ಲಯವನ್ನು ಕೆಡಿಸುವುದಿಲ್ಲ. ಬಡಿತ ತಪ್ಪುತ್ತಿದೆಯಾ ಅಂತ ನೋಡಲು ನಿಮ್ಮ ಹಾಳೆ ಬೇರೆ ಯಾರ ಹಾಳೆಗೂ ಕಡಿಮೆಯಲ್ಲ.

ಇಲ್ಲಿಗೆ ನಿಲ್ಲಿಸಿದರೆ ನೀವು ಖುಷಿಯಾಗಿ ಮಿರ್ಚಿ ಮಂಡಕ್ಕಿ ತಿನ್ನಲು ಹೊರಡುತ್ತೀರಿ, ಅದಕ್ಕೇ ಇನ್ನೆರಡು ಮಾತು. ಲೋ ವೋಲ್ಟೇಜಿಗೆ ಬೊಜ್ಜು ಒಂದೇ ಕಾರಣವಲ್ಲ. ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಿದರೂ ಗೆರೆ ಕುಗ್ಗುತ್ತದೆ, ನಮ್ಮ ದೇಶದಲ್ಲಿ ಕ್ಷಯದಿಂದ ಹೀಗಾಗುವುದು ಉಂಟು. ಥೈರಾಯ್ಡ್ ತೀರಾ ಕಡಿಮೆಯಾದರೂ ಆಗುತ್ತದೆ. ಹೃದಯದ ಸ್ನಾಯುವಿನೊಳಗೆ ಬೇಡದ ಪ್ರೋಟೀನ್ ಸೇರಿಕೊಳ್ಳುವ ಅಮೈಲಾಯ್ಡೋಸಿಸ್ ಅನ್ನುವ ಅಪರೂಪದ ಕಾಯಿಲೆಯಲ್ಲೂ ಆಗುತ್ತದೆ. ಹಾಗಾಗಿ ನಿಮ್ಮ ಹಳೆಯ ಇಸಿಜಿ ಇದ್ದರೆ ಹುಡುಕಿ. ಆಗಲೂ ಗೆರೆ ಗಿಡ್ಡವೇ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆಗ ಎತ್ತರವಿದ್ದು ಈಗ ಗಿಡ್ಡವಾಗಿದ್ದರೆ, ಅಥವಾ ಏದುಸಿರು, ಕಾಲು ಊತ ಇದ್ದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ.

ಎರಡನೆಯದು ಇನ್ನೂ ಮುಖ್ಯ. ದಪ್ಪಗಿರುವವರಿಗೆ ಬಿ.ಪಿ. ಜಾಸ್ತಿ, ಬಿ.ಪಿ. ಜಾಸ್ತಿಯಾದರೆ ಹೃದಯದ ಗೋಡೆ ದಪ್ಪವಾಗುತ್ತದೆ. ಗೋಡೆ ದಪ್ಪವಾದರೆ ಗೆರೆ ಎತ್ತರವಾಗಬೇಕು. ಆದರೆ ಮೇಲಿನ ಕೊಬ್ಬು ಅದನ್ನು ತಗ್ಗಿಸುತ್ತದೆ. ಕೂಡಿ ಕಳೆದು ಹಾಳೆಯ ಮೇಲೆ ‘ನಾರ್ಮಲ್’ ಅಂತ ಬರುತ್ತದೆ! ನಿಮ್ಮಂಥವರಿಗೆ ಲೋ ವೋಲ್ಟೇಜಿಗಿಂತ ನನಗೆ ಭಯ ಈ ನಾರ್ಮಲ್ ಕಂಡರೆ. ಬಿ.ಪಿ. ನೋಡಿಸಿದ್ದೀರಾ? ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ.

ಪ್ರಶ್ನೆ: ಮಗನಿಗೆ 19. ಆರಡಿ ಎತ್ತರ, ಕಡ್ಡಿ ಹಾಗೆ ಇದ್ದಾನೆ, ವಾಲಿಬಾಲ್ ಆಡುತ್ತಾನೆ. ಕಾಲೇಜಿನ ಕ್ಯಾಂಪಿನಲ್ಲಿ ಇಸಿಜಿ ತೆಗೆದು ‘ಎಡ ಹೃದಯ ದಪ್ಪ ಆಗಿರಬಹುದು’ ಅಂತ ಕೊಟ್ಟಿದ್ದಾರೆ. ಅಪ್ಪು ಸುದ್ದಿ ಕೇಳಿದ ದಿನದಿಂದಲೇ ನನಗೆ ಇವನ ಆಟದ ಬಗ್ಗೆ ಭಯ. ಆಟ ಬಿಡಿಸಲಾ?
— ಒಬ್ಬ ತಾಯಿ, ತುಮಕೂರು

ಉತ್ತರ: ಬಿಡಿಸಬೇಡಿ ತಾಯಿ, ಆದರೆ ಒಂದು ಎಕೋ ಆಗುವವರೆಗೆ ಒಂದೆರಡು ವಾರ ಪಂದ್ಯ ಬೇಡ ಅನ್ನಿ.

ದಾವಣಗೆರೆಯವರ ಕಥೆಯನ್ನು ಉಲ್ಟಾ ಮಾಡಿದರೆ ನಿಮ್ಮ ಮಗನ ಕಥೆ. ಇವನು ಗುಡಿ ಮುಂದೆಯೇ ನಿಂತಿದ್ದಾನೆ. ಎದೆಗೂಡು ತೆಳು, ಹೃದಯ ಚರ್ಮಕ್ಕೆ ಹತ್ತಿರ, ಗೆರೆಗಳು ಮುಗಿಲು ಮುಟ್ಟುತ್ತವೆ. ಯಂತ್ರ ಬಳಸುವ ಲೆಕ್ಕ ಬಹಳ ಸಲ 1949ರದ್ದು. ಸೊಕೊಲೊವ್ ಮತ್ತು ಲಯನ್ ಎಂಬ ಇಬ್ಬರು ವೈದ್ಯರು ಹಾಕಿಕೊಟ್ಟದ್ದು. ಎದೆಯ ಮೊದಲನೇ ಲೀಡಿನಲ್ಲಿ ಗೆರೆ ಎಷ್ಟು ಕೆಳಗಿಳಿಯಿತು, ಐದನೆಯದರಲ್ಲೋ ಆರನೆಯದರಲ್ಲೋ ಎಷ್ಟು ಮೇಲೇರಿತು, ಎರಡನ್ನೂ ಕೂಡಿಸಿ 35 ಮಿ.ಮೀ. ಆದರೆ ಎಡಗೋಡೆ ದಪ್ಪ ಎಂದು ಸಂಶಯಪಡಬೇಕು. ವಯಸ್ಸಾದ ಬಿ.ಪಿ. ರೋಗಿಗಳಲ್ಲಿ ಇದಕ್ಕೆ ಬೆಲೆ ಇದೆ. ಹತ್ತೊಂಬತ್ತರ ತೆಳ್ಳನೆ ಹುಡುಗನಲ್ಲಿ 35 ದಾಟುವುದು ಏನೂ ಆಶ್ಚರ್ಯವಲ್ಲ, ಅದರಲ್ಲೂ ದಿನಾ ಆಡುವ ಹುಡುಗನಲ್ಲಿ.

ಮತ್ತೆ ಎಕೋ ಯಾಕೆ? ಹೃದಯದ ಸ್ನಾಯು ಹುಟ್ಟಿನ ದೋಷದಿಂದಲೇ ದಪ್ಪವಾಗುವ ಕಾಯಿಲೆಯೊಂದಿದೆ, ಮನೆತನದಲ್ಲಿ ಹರಿದು ಬರುತ್ತದೆ, ಆಟಗಾರರಿಗೆ ಅಪಾಯ. ಅದರಲ್ಲಿ ಗೆರೆ ಎತ್ತರವಾಗುವುದಷ್ಟೇ ಅಲ್ಲ, ದೊಡ್ಡ ಮೊನೆಯ ನಂತರ ಬರುವ ಟಿ ಅನ್ನುವ ಅಲೆ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ. ನಿಮ್ಮ ಕಡೆಯಲ್ಲೋ ಅವರ ಅಪ್ಪನ ಕಡೆಯಲ್ಲೋ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ? ಹುಡುಗ ಆಡುವಾಗ ಎಂದಾದರೂ ತಲೆ ತಿರುಗಿ ಬಿದ್ದಿದ್ದಾನಾ? ಎರಡಕ್ಕೂ ಇಲ್ಲ ಅಂದರೆ ನಾನು ಅರ್ಧ ನಿಶ್ಚಿಂತ, ಎಕೋ ಸರಿ ಬಂದರೆ ಪೂರ್ತಿ ನಿಶ್ಚಿಂತ. ಪುನೀತ್ ಅವರು 2021ರ ಅಕ್ಟೋಬರಿನಲ್ಲಿ 46ಕ್ಕೇ ಹೋದಾಗ ಊರಿಗೆ ಊರೇ ಇಸಿಜಿಗೆ ಸಾಲು ನಿಂತಿತ್ತು, ನನಗೂ ನೆನಪಿದೆ. ಇಸಿಜಿ ಆ ಕ್ಷಣದ ಚಿತ್ರ ಅಷ್ಟೇ. ರಕ್ತನಾಳದ ಬ್ಲಾಕ್ ಇದ್ದರೂ ಸುಮ್ನೆ ಮಲಗಿದ್ದಾಗ ತೆಗೆದ ಹಾಳೆ ಸರಿಯಾಗಿಯೇ ಕಾಣಬಹುದು.

ಪ್ರಶ್ನೆ: ಹೇಳಿಕೊಳ್ಳಲು ಮುಜುಗರ. ಒಂದು ಕಡೆ ಇಸಿಜಿ ತೆಗೆಯುವಾಗ ಆ ಗಂಡಸು ನನ್ನ ಬ್ರಾ ಸ್ವಲ್ಪವೇ ಸರಿಸಿ ಎಲ್ಲೆಲ್ಲೋ ಬಲ್ಬ್ ಹಚ್ಚಿದ. ‘ಹಳೆಯ ಹಾರ್ಟ್ ಅಟ್ಯಾಕ್ ಇರಬಹುದು’ ಅಂತ ರಿಪೋರ್ಟ್ ಬಂತು. ಇನ್ನೊಂದು ಕಡೆ ನರ್ಸಮ್ಮ ತೆಗೆದರು, ಏನೂ ಇಲ್ಲ. ಯಾವುದು ಸತ್ಯ? ನನ್ನ ಮೈ ದಪ್ಪ ಇರುವುದಕ್ಕೆ ಹೀಗಾಯಿತಾ?
— 44 ವರ್ಷದ ಓದುಗರು, ಹಾಸನ

ಉತ್ತರ: ನರ್ಸಮ್ಮನದ್ದೇ ಸತ್ಯ ಇರಬೇಕು ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಡಾಕ್ಟರಿಗೆ ಎರಡೂ ಹಾಳೆ ತೋರಿಸಿ, ಅವರು ನೋಡಿ ಹೇಳಲಿ. ನಿಮ್ಮ ಮೈಯದು ತಪ್ಪಿಲ್ಲ.

ಎದೆಯ ಮೇಲೆ ಹಚ್ಚುವ ಬಲ್ಬು, ಅಂದರೆ ಸಂಕೇತ ಹಿಡಿಯಲು ಚರ್ಮಕ್ಕೆ ಅಂಟಿಸುವ ಬುಡ್ಡೆಗಳು, ಆರು. ಅವಕ್ಕೆ ಜಾಗ ಬೆರಳಳತೆಯಲ್ಲಿ ಗೊತ್ತುಪಡಿಸಿದೆ. ಗಂಟಲ ಕೆಳಗಿನ ಗುಳಿಯಿಂದ ಎರಡಂಗುಲ ಕೆಳಗೆ ಎದೆಮೂಳೆಯ ಮೇಲೆ ಒಂದು ದಿಣ್ಣೆ ಸಿಗುತ್ತದೆ, ಈಗಲೇ ಮುಟ್ಟಿ ನೋಡಿಕೊಳ್ಳಿ. ಎರಡನೇ ಪಕ್ಕೆಲುಬು ಅಲ್ಲಿ ಸೇರುತ್ತದೆ. ಅಲ್ಲಿಂದ ಎಣಿಸುತ್ತ ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಗೆ ಬಂದರೆ ಮೂಳೆಯ ಬಲಕ್ಕೆ ಒಂದು, ಎಡಕ್ಕೆ ಒಂದು. ನಾಲ್ಕನೆಯದು ಅದರ ಕೆಳಗಿನ ಸಂದಿಯಲ್ಲಿ, ಕಾಲರ್ ಮೂಳೆಯ ನಡುಮಧ್ಯದ ನೇರಕ್ಕೆ. ದಪ್ಪ ಇರುವವರಲ್ಲಿ ಪಕ್ಕೆಲುಬು ಕೈಗೆ ಸಿಗುವುದಿಲ್ಲ, ಎಣಿಸಲು ತಾಳ್ಮೆ ಬೇಕು, ಮುಂದೆ ಹತ್ತು ಜನ ಕಾದಿರುತ್ತಾರೆ, ಆಗ ಅಂದಾಜಿನ ಮೇಲೆ ಹಚ್ಚುತ್ತಾರೆ. ಮೊದಲೆರಡು ಮೇಲಕ್ಕೆ ಹೋಗಿಬಿಡುತ್ತವೆ. ಆಗ ಅಲ್ಲಿನ ಮೊನೆಗಳು ಚಿಕ್ಕದಾಗಿ, ಹೃದಯದ ಮುಂಭಾಗದಲ್ಲಿ ಹಿಂದೆಂದೋ ಅಟ್ಯಾಕ್ ಆಗಿತ್ತು ಅನ್ನುವ ಹಾಗೆ ಯಂತ್ರಕ್ಕೆ ಕಾಣುತ್ತದೆ. ನಿಮಗೂ ಹೀಗೇ ಆಗಿರಬಹುದು.

ಹೆಂಗಸರಿಗೆ ನಾಲ್ಕರಿಂದ ಆರರವರೆಗಿನವನ್ನು ಮೊಲೆಯ ಮೇಲಲ್ಲ, ಮೊಲೆ ಎತ್ತಿ ಕೆಳಗೆ ಹಚ್ಚುವುದು ವಾಡಿಕೆ. ಮೊಲೆಯ ಗಾತ್ರದಿಂದ ಗೆರೆಗೆ ಆಗುವ ವ್ಯತ್ಯಾಸಕ್ಕಿಂತ ಜಾಗ ತಪ್ಪಿದ್ದರಿಂದ ಆಗುವ ಅನಾಹುತವೇ ಹೆಚ್ಚು. ಹೆಂಗಸರೇ ತೆಗೆಯಲಿ, ಪರದೆ ಇರಲಿ, ಮೇಲೆ ಹೊದೆಯಲು ಬಟ್ಟೆ ಕೊಡಲಿ ಅಂತ ಕೇಳಿ. ಅದು ನಿಮ್ಮ ಹಕ್ಕು, ಸಂಕೋಚ ಬೇಡ. ಆದರೆ ಸಂಕೋಚಕ್ಕೆ ಬಟ್ಟೆ ಬಿಚ್ಚದೆ ಮೇಲೆಮೇಲೆ ಹಚ್ಚಿಸಿಕೊಂಡು ಬರಬೇಡಿ, ದುಡ್ಡು ದಂಡ.

ಪ್ರಶ್ನೆ: ಎಂಟು ತಿಂಗಳ ಬಸುರಿ. ‘ಆಕ್ಸಿಸ್ ಎಡಕ್ಕೆ ವಾಲಿದೆ, ಮೂರನೇ ಲೀಡಿನಲ್ಲಿ ಕ್ಯೂ ಇದೆ’ ಅಂತ ಬರೆದಿದ್ದಾರೆ. ಏನಿದು?
— ಬಳ್ಳಾರಿ

ಉತ್ತರ: ಕಂದ ಒಳಗೆ ಜಾಗ ಮಾಡಿಕೊಳ್ಳುತ್ತಿದೆ, ಅಷ್ಟೇ ಇರಬೇಕು. ಹೊಟ್ಟೆ ಮೇಲೇರಿದಂತೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಮೇಲಕ್ಕೆ ಹೋಗುತ್ತದೆ, ಅದರ ಮೇಲೆ ಕೂತ ಹೃದಯ ಅಡ್ಡಡ್ಡ ಮಲಗುತ್ತದೆ. ಹೃದಯ ವಾಲಿದರೆ ಗೆರೆಗಳ ದಿಕ್ಕೂ ವಾಲುತ್ತದೆ, ಆ ದಿಕ್ಕೇ ಆಕ್ಸಿಸ್. ಕ್ಯೂ ಅಂದರೆ ದೊಡ್ಡ ಮೊನೆಗೆ ಮುಂಚೆ ಗೆರೆ ಕೆಳಗಿಳಿಯುವ ತಗ್ಗು. ದೊಡ್ಡ ಹೊಟ್ಟೆಯ ಗಂಡಸರಲ್ಲೂ ಇದೇ ಆಗುತ್ತದೆ, ಅವರಿಗೆ ಹೆರಿಗೆ ಆಗುವುದಿಲ್ಲ ಅನ್ನುವುದೇ ವ್ಯತ್ಯಾಸ. ಜೋರಾಗಿ ಉಸಿರೆಳೆದು ಹಿಡಿದಾಗ ಇಂಥ ಕ್ಯೂ ಎಷ್ಟೋ ಸಲ ಮಾಯವಾಗುತ್ತದೆ, ಯಾಕೆಂದರೆ ಆಗ ವಪೆ ಕೆಳಗಿಳಿಯುತ್ತದೆ. ಎದೆನೋವು, ಮಲಗಿದರೆ ಉಸಿರುಕಟ್ಟುವುದು, ಬಿ.ಪಿ. ಏರುವುದು ಇದ್ದರೆ ಮಾತ್ರ ಕಾಯದೆ ಹೋಗಿ ತೋರಿಸಿ.

ಪ್ರಶ್ನೆ: ತಂದೆಗೆ 70, ನಲವತ್ತು ವರ್ಷ ಬೀಡಿ ಸೇದಿದ್ದಾರೆ. ಮೂಳೆ ಚಕ್ಕಳ ಆಗಿದ್ದಾರೆ. ನೀವು ಹೇಳುವ ಪ್ರಕಾರ ಗೆರೆ ಎತ್ತರ ಇರಬೇಕಲ್ಲ? ಅವರಿಗೂ ಲೋ ವೋಲ್ಟೇಜ್ ಬಂದಿದೆ.
— ಓದುಗರು, ರಾಯಚೂರು

ಉತ್ತರ: ಒಳ್ಳೆಯ ಹಿಡಿತ ಹಿಡಿದಿದ್ದೀರಿ. ಸಣ್ಣ ಮೈಯವರೆಲ್ಲ ಒಂದೇ ಅಲ್ಲ ಅನ್ನುವುದಕ್ಕೆ ನಿಮ್ಮ ತಂದೆಯೇ ಸಾಕ್ಷಿ.

ಬೀಡಿಯಿಂದ ಶ್ವಾಸಕೋಶದ ಸಣ್ಣ ಗೂಡುಗಳು ಒಡೆದು ಒಂದಾಗುತ್ತವೆ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಶ್ವಾಸಕೋಶ ಬಲೂನಿನ ಹಾಗೆ ಉಬ್ಬಿ ಹೃದಯದ ಮುಂದೆ ಬಂದು ಅದನ್ನು ಮುಚ್ಚುತ್ತದೆ. ಗಾಳಿ ಜಿಪುಣ ಅಂತ ಮೊದಲೇ ಹೇಳಿದೆನಲ್ಲ, ಕೊಬ್ಬಿನ ಕೆಲಸವನ್ನು ಇಲ್ಲಿ ಗಾಳಿ ಮಾಡುತ್ತದೆ. ವಪೆ ಕೆಳಗೆ ತಳ್ಳಿಸಿಕೊಂಡು ಹೃದಯ ಸಣ್ಣಗೆ ನೆಟ್ಟಗೆ ನೇತಾಡುತ್ತದೆ. ಇಂಥವರಲ್ಲಿ ಒಂದನೇ ಲೀಡು, ಅಂದರೆ ಎರಡು ಕೈಗಳ ನಡುವಿನ ಅಳತೆ, ಬಹಳ ಸಲ ತೀರಾ ಚಪ್ಪಟೆ. ಎದೆಯ ಮುಂದಿನ ಮೊನೆಗಳೂ ಚಿಕ್ಕವಾಗಿ, ಹಾಸನದವರಿಗೆ ಬಂದಂಥ ಸುಳ್ಳು ‘ಹಳೆಯ ಅಟ್ಯಾಕ್’ ಇಲ್ಲೂ ಬರುವುದುಂಟು. ಎದೆಯ ಬಲ್ಬುಗಳನ್ನು ಒಂದು ಸಂದಿ ಕೆಳಗೆ ಹಚ್ಚಿ ಇನ್ನೊಂದು ಹಾಳೆ ತೆಗೆದರೆ ಕೆಲವು ಸಲ ಮೊನೆಗಳು ವಾಪಸ್ ಕಾಣಿಸುತ್ತವೆ, ಕೆಳಗೆ ಹಚ್ಚಿದ್ದು ಅಂತ ಹಾಳೆಯ ಮೇಲೆ ಬರೆದಿರಬೇಕು ಮಾತ್ರ.

ಬೀಡಿ ಈಗಲೂ ಸೇದುತ್ತಾರಾ? ಸೇದಿದರೆ ಇಸಿಜಿಗಿಂತ ಮೊದಲು ಆ ಕಟ್ಟು ಎಲ್ಲಿ ಬಚ್ಚಿಡುತ್ತಾರೆ ಅಂತ ಹುಡುಕಿ.

ಪ್ರಶ್ನೆ: ಐದಡಿ ಆರಂಗುಲ, 62 ಕೆ.ಜಿ. ಎಲ್ಲರೂ ‘ಸಣ್ಣಗಿದ್ದೀರ, ನಿಮಗೇನು’ ಅನ್ನುತ್ತಾರೆ. ನಿಜವಾ?
— ಮೈಸೂರು

ಉತ್ತರ: ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಎಂಬ ಸ್ನೇಹಿತರು 2004ರಲ್ಲಿ ತಮ್ಮದೇ ಫೋಟೊ ಹಾಕಿ ಒಂದು ಪುಟದ ಲೇಖನ ಬರೆದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ನಿಮ್ಮದೂ ಅಲ್ಲೇ ಹತ್ತಿರ ಇದೆ. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ 9.1 ಪರ್ಸೆಂಟ್, ನಮ್ಮ ಯಾಜ್ಞಿಕ್ ಅವರಲ್ಲಿ 21.2! ನಮ್ಮ ಜನರ ಕೊಬ್ಬು ಒಳಗೆ, ಹೊಟ್ಟೆಯ ಸುತ್ತ ಅಡಗಿ ಕೂರುತ್ತದೆ. ಅದನ್ನು ಇಸಿಜಿ ಹೇಳುವುದಿಲ್ಲ, ಟೇಲರ್ ಟೇಪು ಹೇಳುತ್ತದೆ. ಸೊಂಟ ಅಳೆದುಕೊಳ್ಳಿ, ಸಕ್ಕರೆ ನೋಡಿಸಿ.

ಪ್ರಶ್ನೆ: ಕೈಗಡಿಯಾರದಲ್ಲಿ ಇಸಿಜಿ ಬರುತ್ತದಲ್ಲ, ಅದನ್ನು ನಂಬಬಹುದಾ? ನನ್ನ ಕೈ ದಪ್ಪ, ಹಾಗಾಗಿ ತಪ್ಪು ತೋರಿಸುತ್ತದಾ? ಕೆಲವು ಸಲ ‘ತೀರ್ಮಾನಿಸಲು ಆಗಲಿಲ್ಲ’ ಅನ್ನುತ್ತದೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ನಿಮ್ಮ ಗಡಿಯಾರದಲ್ಲಿ ಎರಡು ಬೇರೆ ಬೇರೆ ಯಂತ್ರ ಇವೆ, ಜನ ಕಲಸಿಕೊಳ್ಳುತ್ತಾರೆ.

ಹಿಂದೆ ಹಸಿರು ಬೆಳಕು ಮಿನುಗುತ್ತದಲ್ಲ, ಅದು ವಿದ್ಯುತ್ತಲ್ಲ. ಚರ್ಮದೊಳಗೆ ರಕ್ತ ಉಕ್ಕಿದಾಗೆಲ್ಲ ಹಸಿರು ಬೆಳಕು ಹೆಚ್ಚು ಹೀರಿಹೋಗುತ್ತದೆ, ಅದನ್ನು ಎಣಿಸಿ ನಾಡಿ ಹೇಳುತ್ತದೆ. ಅದಕ್ಕೆ ಹಚ್ಚೆ, ಸಡಿಲ ಪಟ್ಟಿ, ಚರ್ಮದಡಿಯ ಕೊಬ್ಬು ಎಲ್ಲ ತೊಂದರೆ ಕೊಡಬಲ್ಲವು.

ಇನ್ನೊಂದು ಕೈಯ ಬೆರಳಿಟ್ಟು ಅರ್ಧ ನಿಮಿಷ ಕೂರುತ್ತೀರಲ್ಲ, ಅದು ನಿಜವಾದ ಇಸಿಜಿ. ಅದೇ ಒಂದನೇ ಲೀಡು. ಇದನ್ನು ಕಂಡುಕೊಟ್ಟ ಐಂಥೋವನ್ ನೂರಿಪ್ಪತ್ತು ವರ್ಷದ ಹಿಂದೆ ಹಾಲೆಂಡಿನ ಲೈಡನ್ನಿನಲ್ಲಿ ರೋಗಿಯ ಎರಡು ಕೈ, ಒಂದು ಕಾಲನ್ನು ಉಪ್ಪು ನೀರಿನ ಪಾತ್ರೆಗಳಲ್ಲಿ ಅದ್ದಿಸಿ ಕೂರಿಸುತ್ತಿದ್ದರು. ಯಂತ್ರ ಸುಮಾರು 270 ಕೆ.ಜಿ., ನಡೆಸಲು ಐದು ಜನ. 1924ರಲ್ಲಿ ನೊಬೆಲ್ ಬಂತು. ಈಗ ಅದೇ ಅಳತೆ ನಿಮ್ಮ ಮಣಿಕಟ್ಟಿನಲ್ಲಿ. ಕೈ ದಪ್ಪ ಇದ್ದರೆ ಇದಕ್ಕೆ ಏನೂ ಆಗುವುದಿಲ್ಲ. ಕೈ ಬರೀ ವೈರು. ಲೆಕ್ಕಕ್ಕೆ ಬರುವುದು ಎದೆಯೊಳಗೆ ಹೃದಯ ಹೇಗೆ ಕೂತಿದೆ ಅನ್ನುವುದು. ಉದ್ದಕ್ಕೆ ತೆಳ್ಳಗಿರುವವರಲ್ಲಿ ಹೃದಯ ನೆಟ್ಟಗೆ ನಿಂತಿರುತ್ತದೆ, ಅಡ್ಡ ಅಳತೆಯಾದ ಒಂದನೇ ಲೀಡಿನಲ್ಲಿ ಗೆರೆ ಚಿಕ್ಕದಾಗುತ್ತದೆ. ಒಣ ಚರ್ಮ, ಕೈ ನಡುಕ, ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್ ಮೇಲೆ ಕೈ ಊರಿ ಕೂರುವುದು, ಇವೂ ಗೆರೆ ಕೆಡಿಸುತ್ತವೆ. ಬಲಗೈಗೆ ಕಟ್ಟಿಕೊಂಡು ಸೆಟ್ಟಿಂಗಿನಲ್ಲಿ ಎಡಗೈ ಅಂತ ಬಿಟ್ಟಿದ್ದರೆ ಗೆರೆ ತಲೆಕೆಳಗಾಗುತ್ತದೆ, ಅದಕ್ಕೂ ಹೆದರಿ ಬಂದವರಿದ್ದಾರೆ. ಬಡಿತ ತಾಳ ತಪ್ಪಿದೆಯಾ ಅಂತ ತಿಳಿಯಲು ಒಳ್ಳೆಯ ಸಾಧನ. ಹಾರ್ಟ್ ಅಟ್ಯಾಕ್ ಅದಕ್ಕೆ ಗೊತ್ತಾಗುವುದಿಲ್ಲ. ಎದೆ ಒತ್ತಿದ ಹಾಗಾದರೆ ಗಡಿಯಾರ ನೋಡುತ್ತ ಕೂರಬೇಡಿ.

ಪ್ರಶ್ನೆ: ದಪ್ಪ ಇರುವವರ ಎದೆಸದ್ದು ಸ್ಟೆತಾಸ್ಕೋಪಿಗೆ ಕೇಳುತ್ತದಾ?
— ನಿವೃತ್ತ ಶಿಕ್ಷಕರು, ಕುಂದಾಪುರ

ಉತ್ತರ: ಮೆಲ್ಲಗೆ ಕೇಳುತ್ತದೆ ಮೇಷ್ಟ್ರೇ. ಆದರೆ ನಿಮಗೊಂದು ತಮಾಷೆ ಗೊತ್ತಾ? ಸ್ಟೆತಾಸ್ಕೋಪ್ ಹುಟ್ಟಿದ್ದೇ ಒಬ್ಬ ದಪ್ಪ ಹುಡುಗಿಯಿಂದ. 1816, ಪ್ಯಾರಿಸ್. ಲೆನೆಕ್ ಅನ್ನುವ ಡಾಕ್ಟರಿಗೆ ಹೃದ್ರೋಗದ ಯುವತಿಯೊಬ್ಬಳನ್ನು ಪರೀಕ್ಷಿಸಬೇಕಿತ್ತು. ಮೈ ದಪ್ಪ ಇದ್ದದ್ದರಿಂದ ಕೈಯಿಟ್ಟು, ತಟ್ಟಿ ನೋಡಿದರೆ ಏನೂ ಗೊತ್ತಾಗಲಿಲ್ಲ. ಆಗಿನ ರೂಢಿಯಂತೆ ಎದೆಗೆ ನೇರ ಕಿವಿಯಿಡಲು ಅವಳ ವಯಸ್ಸು, ಹೆಣ್ಣು ಅನ್ನುವ ಸಂಕೋಚ. ಕಾಗದದ ಹಾಳೆಗಳನ್ನು ಗಟ್ಟಿಯಾಗಿ ಸುರುಳಿ ಸುತ್ತಿ ಒಂದು ತುದಿ ಎದೆಗೆ, ಇನ್ನೊಂದು ಕಿವಿಗೆ ಇಟ್ಟರು. ನೇರ ಕಿವಿಯಿಟ್ಟಾಗ ಕೇಳುತ್ತಿದ್ದುದಕ್ಕಿಂತ ಸ್ಪಷ್ಟವಾಗಿ ಕೇಳಿತು.

ಪ್ರಶ್ನೆ: ಇಸಿಜಿ ಹಾಳೆ ಹಾಳಾಗದಿರಲಿ ಅಂತ ಲ್ಯಾಮಿನೇಶನ್ ಮಾಡಿಸಿದೆ. ಪೂರ್ತಿ ಕಪ್ಪಾಗಿ ಬಂತು. ಅಂಗಡಿಯವನು ದುಡ್ಡು ವಾಪಸ್ ಕೊಡುತ್ತಿಲ್ಲ.
— ಓದುಗರು, ಶಿರಸಿ

ಉತ್ತರ: ಅವನನ್ನು ಬಿಟ್ಟುಬಿಡಿ. ಬಹಳಷ್ಟು ಇಸಿಜಿ ಹಾಳೆಗಳು ಬಸ್ ಟಿಕೆಟಿನ ಜಾತಿಯವು, ಶಾಯಿಯಿಲ್ಲ, ಬಿಸಿ ತಗುಲಿದರೆ ಕಪ್ಪಾಗುವ ಕಾಗದ. ಲ್ಯಾಮಿನೇಶನ್ ಯಂತ್ರದ ಬಿಸಿಗೆ ಇಡೀ ಹಾಳೆ ಕಪ್ಪಾಯಿತು. ಸುಮ್ನೆ ಬೀರುವಿನಲ್ಲಿಟ್ಟರೂ ಕೆಲವು ವರ್ಷಕ್ಕೆ ಗೆರೆ ಮಾಸುತ್ತದೆ. ತೆಗೆಸಿದ ದಿನವೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೊ ಇಟ್ಟುಕೊಳ್ಳಿ. ಜೆರಾಕ್ಸಿನ ಮೂಲೆಯಲ್ಲಿ ಆ ದಿನದ ನಿಮ್ಮ ತೂಕ, ಎತ್ತರ, ಬಿ.ಪಿ. ಬರೆಯಿರಿ. ಈಗ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲಿ ಕೂತವರು ಓದುತ್ತಾರೆ, ಅವರಿಗೆ ನೀವು ಕುಳ್ಳಗಿದ್ದೀರಾ ಉದ್ದಗಿದ್ದೀರಾ ಕಾಣುವುದಿಲ್ಲ. ಹೊಸ ಹಾಳೆಯ ಪಕ್ಕ ಹಳೆಯದನ್ನು ಇಟ್ಟು ನೋಡುವ ಅವಕಾಶ ಸಿಕ್ಕರೆ ನಮ್ಮ ಕೆಲಸ ಅರ್ಧ ಮುಗಿದ ಹಾಗೆ.

ಕಪ್ಪು ಹಾಳೆ ಎಸೆದು, ಇನ್ನೊಂದು ತೆಗೆಸಿಕೊಳ್ಳಿ. ಎದೆಯ ಮೇಲೆ ಕೂದಲು ಜಾಸ್ತಿ ಇದ್ದರೆ ಬಲ್ಬ್ ಹಚ್ಚುವ ಕಡೆ ಬೋಳಿಸಲು ಕೇಳುತ್ತಾರೆ, ಬೇಡ ಅನ್ನಬೇಡಿ.